ತಗಡಿನ ಗಂಟು

ಗೋಕಾಕದ ಜೀನಗಾರ ಓಣಿಗೆ ಬಂದದ್ದು ಗಾಡಿಯಲ್ಲ,
ಗೋಣಿಯಲ್ಲಿ ಸುತ್ತಿದ ಅದರ ಡ್ಯಾಶ್‌ಬೋರ್ಡು.
‘ಫಾಸೆಲ್ ವೇಗಾ,’ ಅಂದ ಬೆಳಗಾವಿ ಕ್ಯಾಂಪಿನ ಮೆಕ್ಯಾನಿಕ್ ದಸ್ತಗೀರ,
‘ಪ್ಯಾರಿಸ್ಸಿನ ಮೈ, ಅಮೆರಿಕಾದ ಎಂಜಿನ್ನು,
ತಾಸಿಗೆ ನೂರಿಪ್ಪತ್ತು ಮೈಲಿನ ಮ್ಯಾಲ.’

ಇಂದ್ರವ್ವ ಉಗುರಿನಿಂದ ಕೆರೆದಳು.
ಅಕ್ರೋಟದ ಕಟ್ಟಿಗೆಯಂತೆ ಕಂಡದ್ದರ ಕೆಳಗೆ
ತಣ್ಣನೆ ತಗಡು.
‘ಅಲ್ಲೂ ನಮ್ಮ ಮಂದಿ ಇದ್ರೇನು!’

ನಲವತ್ತು ವರ್ಷ ಕಟ್ಟಿಗೆಯನ್ನು
ಪೇರಲ, ಸೀತಾಫಲ ಮಾಡಿದ ಕೈ;
ಗಿಳಿ ಕುಕ್ಕಿ ಮೋಸಹೋಗಿದೆ, ಒಮ್ಮೆ ಅಳಿಯನೂ.
ಈಗ ತಗಡಿಗೆ
ಮರದ ವಯಸ್ಸು ಬರೆಯಬೇಕು.

ಅಳಿಲಿನ ಬಾಲದ ಕುಂಚ. ಗೆರೆಗೊಮ್ಮೆ ಉಸಿರು ಬಿಗಿ.
ದಸ್ತಗೀರ ಹೇಳುತ್ತಲೇ ಇದ್ದ:
ಎರವಲು ಎಂಜಿನ್ನಿನಲ್ಲಿ ಚೆನ್ನಾಗಿ ಓಡಿದರು,
ಆಮೇಲೆ ಸಣ್ಣ ಗಾಡಿಗೆ ಫ್ರಾನ್ಸಿನದೇ ಬೇಕೆಂದರು.
ಪಿಸ್ಟನ್ನು ಸುಟ್ಟವು.
ಅರವತ್ನಾಲ್ಕರಲ್ಲಿ ಕಂಪನಿಗೆ ಬೀಗ.

‘ನಂದು ಅನ್ನೂದು ಒಂದರ ಬೇಕಲ್ಲೋ,’ ಎಂದಳು
ತುಟಿಯಲ್ಲಿ ಕುಂಚದ ತುದಿ ಚೂಪು ಮಾಡುತ್ತ.

ಮೂರನೆಯ ದಿನ, ಗಡಿಯಾರದ ತೂತಿನ ಪಕ್ಕ
ಒಂದು ಗಂಟು ಬರೆದಳು,
ಫೋಟೋದಲ್ಲಿ ಇಲ್ಲದ್ದು.
‘ಇದೇನವ್ವಾ?’

‘ಇಲ್ಲೊಂದು ಟೊಂಗಿ ಇತ್ತು.
ಮುರದೈತಿ.’