ಮಂಗಳವಾರ, ವಾರದ ರಜೆ

ಆರು ದಿನ ಡಿಪೋದಲ್ಲಿ ಬಸ್ಸಿನ ಹೊಟ್ಟೆ ಕೆಳಗೆ
ಅಂಗಾತ ಬಿದ್ದಿರುವವನು
ಏಳನೆಯ ದಿನ ಕ್ವಾರ್ಟರ್ಸಿನ ಹಿತ್ತಿಲಲ್ಲಿ
ಬಟ್ಟೆ ಒಗೆಯುವ ಕಲ್ಲಿನ ಪಕ್ಕ
ಒಂಬತ್ತು ಕೆಜಿಯ ಸೈಕಲ್ಲನ್ನು ತಲೆಕೆಳಗು ಮಾಡಿ ಕೂರುತ್ತೇನೆ.
ಟೈರು ನನ್ನ ಹೆಬ್ಬೆರಳಿನಗಲ.
ಇಂದ್ರಾಣಿ ಬಾಗಿಲಲ್ಲಿ ನಿಂತು,
'ಅದರ ಮೈ ನೀವು ಉಜ್ಜಿ, ನಿಮ್ಮ ಬೆನ್ನು ಯಾರು ಉಜ್ಜಬೇಕು?'
ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಾಳೆ.

ಮೊದಲು ಚೈನು.
ಸವೆದ ಟೂತ್‌ಬ್ರಷ್ಷು, ಹಳೇ ಬನಿಯನ್ನು, ಅರ್ಧ ಲೋಟ ಡೀಸೆಲ್
(ಡಿಪೋದ್ದಲ್ಲ, ಬಂಕಿನಲ್ಲಿ ದುಡ್ಡು ಕೊಟ್ಟು ತಂದದ್ದು, ಬರೆದುಕೊಳ್ಳಿ).
ಹಲ್ಲುಚಕ್ರದ ಸಂದಿಸಂದಿಯಿಂದ
ಹೋದ ವಾರದ ರಸ್ತೆ ಹೊರಗೆ ಬರುತ್ತದೆ:
ಕಟ್ಟಾಯದ ಹತ್ತಿರ ಟ್ರ್ಯಾಕ್ಟರು ಉದುರಿಸಿಹೋದ
ಆಲೂಗೆಡ್ಡೆ ಹೊಲದ ಕೆಂಪು,
ಗೊರೂರು ರಸ್ತೆಯ ಒಕ್ಕಣೆಯಲ್ಲಿ ಸುತ್ತಿಕೊಂಡ ಹುರುಳಿ ಬಳ್ಳಿಯ ನಾರು.
ಅಲ್ಲಿ ಮೊರ ಹಿಡಿದ ಹೆಂಗಸು ಕೂಗಿದ್ದಳು,
'ಲಾರಿ ಹತ್ತಿದ್ರೆ ಕಾಳು ಉದುರ್ತದೆ,
ನೀನು ಹತ್ತಿದ್ರೆ ಏನಪ್ಪಾ ಉದುರ್ತದೆ?'
ಅದೊಂದು ಮಾತ್ರ ಡೀಸೆಲ್ಲಿಗೂ ಬಿಡುವುದಿಲ್ಲ.

ನನ್ನ ಕೈಗೆ ಗೊತ್ತಿರುವುದು ಬಸ್ಸಿನ ಚಕ್ರದ ನಟ್ಟು,
ಆಳುದ್ದ ರಾಡಿನ ತುದಿಗೆ ಹತ್ತಿ ನಿಂತು ಬಿಗಿಯುವುದು.
ಆ ಕೈ ಇಲ್ಲಿ ಕೊಲೆಗಡುಕ.
ಮೊದಲ ತಿಂಗಳೇ ಹ್ಯಾಂಡಲ್ಲಿನ ಬೋಲ್ಟೊಂದರ ಕತ್ತು ಮುರಿದಿದ್ದೆ.
ಈಗ ಎರಡೇ ಬೆರಳು,
ಸಾರಿಗೆ ಉಪ್ಪು ಬಿಡುವ ಹಾಗೆ,
ಸಾಕು ಅನ್ನಿಸುವುದಕ್ಕೆ ಕೂದಲೆಳೆ ಮುಂಚೆ
ನಿಲ್ಲಿಸುತ್ತೇನೆ.

ಎಲ್ಲ ಸರಿ. ಏರಿನಲ್ಲಿ ಮಾತ್ರ ಕಿರ್ ಅನ್ನುತ್ತದೆ,
ಎಡಗಾಲು ಒತ್ತಿದಾಗ.
ಮಾರುವಾಗಲೇ ಹೇಳಿದ್ದರು ಪಶುವೈದ್ಯ ಜಿನದತ್ತಯ್ಯನವರು:
'ಸದ್ದೊಂದಿದೆ ಚಲುವಯ್ಯ, ನಾಲ್ಕು ವರ್ಷ ಹುಡುಕಿದೆ.
ಎಮ್ಮೆ ಹೊಟ್ಟೆಯ ಮೊಳೆ ಸಿಕ್ಕೀತು, ಇದು ಸಿಗಲಿಲ್ಲ.'
ನಾನೂ ಪೆಡಲ್ ಬಿಚ್ಚಿದೆ, ಬೇರಿಂಗ್ ಕಿತ್ತೆ,
ಸ್ಟೆತಸ್ಕೋಪಿನಂತೆ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ ಕೇಳಿದೆ.
ಹಿತ್ತಿಲಲ್ಲಿ ಅದು ಬಾಯಿ ಬಿಡುವುದೇ ಇಲ್ಲ.

ಇವತ್ತು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ
ಸುಮ್ಮನೆ, ಒರೆಸೋಣವೆಂದು, ಸೀಟಿನ ಕಂಬ ಎಳೆದೆ.
ಬುಡದಲ್ಲಿ ಒಣಗಿ ಗಟ್ಟಿಯಾದ ಗ್ರೀಸು,
ಅದರಲ್ಲಿ ಹೂತ ಮರಳು, ಏಳೆಂಟು ಕಾಳು,
ಬಿಳಿ.
ಹೇಮಾವತಿಯ ಮರಳು ನನಗೆ ಗೊತ್ತು,
ಅಣ್ಣನ ಮನೆ ಕಟ್ಟುವಾಗ ಜರಡಿ ಹಿಡಿದ ಕೈ ಇದು.
ಇದು ಅದಲ್ಲ. ಜೊತೆಗೆ
ಮಗುವಿನ ಉಗುರು ಕತ್ತರಿಸಿದಂಥ ಚಿಪ್ಪಿನ ಚೂರು.

ಫೋನ್ ಮಾಡಿದೆ. 'ಡಾಕ್ಟ್ರೇ, ಸಮುದ್ರಕ್ಕೆ ಹೋಗಿದ್ರಾ?'
ಆ ಕಡೆ ಕುಕ್ಕರು ಎರಡು ಸಲ ಕೂಗುವವರೆಗೆ ಮಾತಿಲ್ಲ.
ಆಮೇಲೆ, ದನಿ ತಗ್ಗಿಸಿ:
'ಒಂದೇ ಸಲ. ಶಿರಾಡಿ ಇಳಿದು.
ಮನೇಲಿ ಸಕಲೇಶಪುರದಲ್ಲಿ ಲಸಿಕೆ ಕ್ಯಾಂಪು ಅಂದಿದ್ದೆ.
ಸೈಕಲ್ಲು ಮರಳಲ್ಲಿ ಮಲಗಿಸಿ, ಪಕ್ಕ ನಾನೂ...
ಗಂಟೆಗಟ್ಟಲೆ. ಸುಮ್ಮನೆ.'
ತಡೆದು, 'ಅದೇನಾ ಸದ್ದು?'

ಕಾಳುಗಳು ತಟ್ಟೆಯ ಕಪ್ಪು ಡೀಸೆಲ್ಲಿಗೆ ಬಿದ್ದವು.
ಬೆರಳಾಡಿಸಿದೆ. ಕಟ್ಟಾಯದ ಮಣ್ಣು ಯಾವುದು, ಸಮುದ್ರ ಯಾವುದು,
ತಿಳಿಯಲಿಲ್ಲ.
ಹೊಸ ಗ್ರೀಸು ಸವರಿ ಕಂಬ ಇಳಿಸಿದೆ, ಎರಡೇ ಬೆರಳಲ್ಲಿ.

ಸಂಜೆ ಸಾಲಗಾಮೆ ರಸ್ತೆಯ ಏರು.
ಎದ್ದು ನಿಂತು ತುಳಿದೆ.
ಎಡಗಾಲು. ಬಲಗಾಲು. ಎಡಗಾಲು.
ಚೈನು ರೇಷ್ಮೆ. ಉಸಿರು ಮಾತ್ರ, ನನ್ನದು,
ರಿಪೇರಿಗೆ ಬಂದ ಬಸ್ಸಿಗಿಂತ ಕಡೆ.

ರಾತ್ರಿ ಡಾಕ್ಟರೇ ಫೋನ್ ಮಾಡಿದರು.
'ಹೋಯ್ತಾ?'

'ಪೂರ್ತಿ ಇಲ್ಲ ಡಾಕ್ಟ್ರೇ,' ಅಂದೆ,
'ಸ್ವಲ್ಪ ಇದೆ.'