ಹಲಗಿಗಿ ಥಂಡಿ

ಹುಸೇನಪ್ಪ ಕಾಕಾನ ಹಲಗಿಗಿ
ಯಾವಾಗ ನೋಡಿದ್ರೂ ಥಂಡಿ.
ತೊಗರಿ ಕಟ್ಟಿಗಿ ಒಟ್ಟಿ, ಬೆಂಕಿ ಹಚ್ಚಿ,
ಮಗ್ಗಲಾ ಬದಲಿಸಿ ಕಾಸಾಂವ
ಜ್ವಾಳದ ರೊಟ್ಟಿ ಸುಟ್ಟಂಗ.
ಬೆರಳಿಲೆ ಬಡದು, ಕಿವಿ ಹಚ್ಚಿ ಕೇಳಾಂವ:
"ಇನ್ನಾ ನಿದ್ದ್ಯಾಗ ಅದಾಳ."
ನಾ ಕಟ್ಟಿಗಿ ಕೊಡಾಕಿ.
ಅದೇ ನನ್ನ ಕೆಲಸ.
ಎದ್ದಳಂದ್ರ,
ಧಣ್!
ಚಿತ್ತಾಪುರ ರಸ್ತಾದಾಗ ಪರಸಿ ಕಲ್ಲಿನ ಲಾರಿ ಸೈತ
ಮೆಲ್ಲಗಾಗತಿದ್ದವು.

ಈ ವರ್ಷ ಕಾಕಾ ಇಲ್ಲ.
ಮೊಹರಮ್ ಬಂತು, ಅಲಾಯಿ ಕುಣಿ ಅಗದ್ರು.
ಮಶಾಕನ ಕೊರಳಾಗ ಹೊಸ ಹಲಗಿ,
ಪ್ಲಾಸ್ಟಿಕ್ಕಿಂದು, ಬೆಳ್ಳಗ,
ನಟ್ಟು ತಿರುವಿದ್ರ ಸಾಕು.
ಬೆಂಕಿ ಬ್ಯಾಡಂತ.
ನನ್ನ ಉಡಿಯಾಗಿನ ತೊಗರಿ ಕಡ್ಡಿ
ನನ್ನ ಮಾರಿನೇ ನೋಡಿದವು.

ಹೆಜ್ಜಿ ಮಾತ್ರ ಅವೇ.
ಮೂರು ಮುಂದ, ಒಂದು ಹಿಂದ, ಗಿರ್ರಂತ ತಿರುಗು.
ನನ್ನ ಕೇಳದೇ ಕಾಲು ಎದ್ದವು.
ಅಳೂ ಬಂತು, ಹೆಜ್ಜಿನೂ ಬಂತು.
ಎರಡೂ ತಪ್ಪಲಿಲ್ಲ.

ರಾತ್ರಿ
ಗ್ವಾಡಿ ಗೂಟಕ್ಕಿದ್ದ ಕಾಕಾನ ಹಲಗಿ
ಇಳಿಸಿಕೊಂಡು ಕಿವಿ ಹಚ್ಚಿದೆ.
ಭಾಳ ಥಂಡಿ.
ಒಲಿ ಮುಂದ ಕುಂತು
ಒಂದೊಂದೇ ಕಡ್ಡಿ ಇಟ್ಟೆ.
ಅವ್ವ ಏನೂ ಅನ್ನಲಿಲ್ಲ,
ಸರದು ಜಾಗಾ ಕೊಟ್ಟಳು.
ಮಗ್ಗಲಾ ಬದಲಿಸಿದೆ.