ಹತ್ತೊಂಬತ್ತರ ಸ್ಪ್ಯಾನರು

"ಏರ್‌ಫೋರ್ಸಾ? ವಿಮಾನ ಹಾರಿಸುತ್ತಿದ್ದಿರಾ?"
ಎಲ್ಲರೂ ಕೇಳುವುದು ಇದನ್ನೇ.
ಇಲ್ಲ. ಹಾರುವ ಮುಂಚೆ ವಿಮಾನದ ಪಕ್ಕ
ನಿಲ್ಲುವ ಗಾಡಿಗಳಿವೆಯಲ್ಲ,
ಕರೆಂಟು ಕೊಡುವುದು, ಎಣ್ಣೆಗೆ ಒತ್ತಡ ಕೊಡುವುದು,
ಟಯರಿಗೆ ನೈಟ್ರೋಜನ್ ತುಂಬುವುದು,
ಅವು ನನ್ನವು. ಇಪ್ಪತ್ತು ವರ್ಷ.
ಜೋಧಪುರ, ತೇಜಪುರ, ಮತ್ತೆ ಜೋಧಪುರ.

ಬೈಕಂಪಾಡಿಯ ಏಸಿ ಕೋಣೆಯಲ್ಲಿ
ಹುಡುಗ ನನ್ನ ಕಾಗದ ಮಗುಚಿ ಹಾಕಿದ:
"ಗೇಟಿನಲ್ಲಿ ಒಂದು ಜಾಗ ಉಂಟು ಸರ್,
ಮಾಜಿ ಸೈನಿಕರಿಗೆ ನಾವು ಅದನ್ನೇ ಕೊಡುವುದು."
ಎರಡು ತಿಂಗಳು ಲಾರಿ ನಂಬರು ಬರೆದೆ.
ಅಂಗಿ ಮತ್ತೆ ನೀಲಿಯೇ,
ಹೊಲಿಗೆ ಮಾತ್ರ ಸಡಿಲ.

ಬಂಗುಡೆ ಕೊಯ್ಯುತ್ತಾ ಪ್ರಮೀಳಾ ಕೇಳಿದಳು,
"ಬೋಟಿನ ವಿಂಚು ತಿರುಗುವುದೂ
ಎಣ್ಣೆಯ ಒತ್ತಡದಲ್ಲೇ ಅಲ್ಲವಾ?"
ಹೌದಲ್ಲ.

ಈಗ ಮಲ್ಪೆ ದಕ್ಕೆಯ ಹಿಂದೆ
ಐಸ್ ಪ್ಲಾಂಟಿನ ಗೋಡೆಗೆ ಒರಗಿ ನಮ್ಮ ತಗಡಿನ ಶೆಡ್ಡು.
ಕರ್ಕೇರ ಹೈಡ್ರಾಲಿಕ್ಸ್.
ಕೆಳಗೆ ಎಕ್ಸ್ ಏರ್‌ಫೋರ್ಸ್ ಅಂತ ಬರೆಯಲಾ, ಪೇಂಟರು ಕೇಳಿದ.
ಜಾಗ ಸಾಲದು ಅಂದೆ.
ಸಾಲುತ್ತಿತ್ತು.

ಎಣ್ಣೆ ಸೋರುವ ರೀತಿ ಅಲ್ಲಿಯೂ ಇಲ್ಲಿಯೂ ಒಂದೇ,
ಎರಡು ಬೆರಳ ನಡುವೆ ತಿಕ್ಕಿದರೆ ರೋಗ ಹೇಳುತ್ತದೆ.
ಹೊಸತಾಗಿ ಕಲಿಯಬೇಕಾದದ್ದು ಉಪ್ಪು.

ಒಳಗೋಡೆಗೆ ಪ್ಲೈವುಡ್ ಹೊಡೆದು
ಒಂದೊಂದು ಹತಾರಕ್ಕೂ ಅದರ ನೆರಳನ್ನು
ಕಪ್ಪು ಬಣ್ಣದಲ್ಲಿ ಬರೆದಿದ್ದೇನೆ.
ಎತ್ತಿದರೆ ನೆರಳು ತೆರೆಯುತ್ತದೆ,
ಸಂಜೆಯೊಳಗೆ ಮುಚ್ಚಬೇಕು.
ನೌಫಲ್, ಹದಿನೆಂಟರ ಹುಡುಗ, ನಕ್ಕ:
"ಎಂತ ಗುರುಗಳೇ, ತೀರಿಹೋದವರ ಫೋಟೋ ಇಟ್ಟ ಹಾಗೆ!"

ಆಗಸ್ಟಿನ ಮೊದಲ ವಾರ. ನಿಷೇಧ ಮುಗಿದು
ಬೋಟುಗಳೆಲ್ಲ ಒಂದೇ ಬಾಗಿಲಲ್ಲಿ ನುಗ್ಗುವ ಹೊತ್ತು.
ತಿಂಗಳಾಯರ ಬೋಟಿಗೆ ವಿಂಚು ಕೂಡಿಸಿ
ಕೈ ಒರೆಸಿಕೊಂಡು ಬೋರ್ಡು ನೋಡುತ್ತೇನೆ,
ಹತ್ತೊಂಬತ್ತರ ಜಾಗದಲ್ಲಿ ಬರೀ ನೆರಳು.

"ಹಗ್ಗ ಬಿಚ್ಚಬೇಡಿ" ಅಂದೆ.

"ಒಂದು ಸ್ಪ್ಯಾನರಿಗೆ ಬೋಟು ನಿಲ್ಲಿಸುವುದಾ ಮಾರಾಯ್ರೆ?
ಇನ್ನೂರು ರೂಪಾಯಿಯಾ? ನಾನು ಕೊಡುತ್ತೇನೆ.
ಐಸು ಕರಗುತ್ತಾ ಉಂಟು."

ಹೇಗೆ ಹೇಳುವುದು ಇವರಿಗೆ,
ಅಲ್ಲಿ ಒಂದು ವಾಷರು ಕಾಣೆಯಾದರೆ
ಸಾಲಿಗೆ ಸಾಲೇ ವಿಮಾನ ನೆಲ ಬಿಡುವುದಿಲ್ಲ,
ದೊಡ್ಡ ಸಾಹೇಬರೂ ಮಂಡಿಯೂರುತ್ತಾರೆ;
ಬೆಳಗಿನ ಚಳಿಯಲ್ಲಿ ರನ್‌ವೇ ಉದ್ದಕ್ಕೂ
ಅಕ್ಕಿಯಲ್ಲಿ ಆರಿಸಿದ ಹಾಗೆ ಕಲ್ಲು ಹೆಕ್ಕುತ್ತಿದ್ದೆವು ಎಂದು.
ಪೈಲಟ್ ಬಂದು ನನ್ನ ಮುಖ ನೋಡುತ್ತಿರಲಿಲ್ಲ.
ಪುಸ್ತಕದಲ್ಲಿ ನನ್ನ ಸಹಿ ನೋಡುತ್ತಿದ್ದ,
ಅದರ ಕೆಳಗೆ ತನ್ನದನ್ನು ಹಾಕಿ
ಏಣಿ ಹತ್ತುತ್ತಿದ್ದ.

ಎಂಜಿನ್ ಕೋಣೆ, ವಿಂಚಿನ ಅಡಿ, ಬಲೆಯ ರಾಶಿ.
ಒಡಿಶಾದ ಇಬ್ಬರು ಕಲಾಸಿಗಳು "ಕ್ಯಾ ಗಿರಾ?" ಅಂದರು,
ಬ್ಯಾರಕ್ಕಿನ ಹಿಂದಿ ತಾನಾಗಿ ಬಾಯಿಗೆ ಬಂತು,
ಅವರೂ ಟಾರ್ಚು ಹಿಡಿದು ಬಗ್ಗಿದರು.
ತಾಂಡೇಲ ಸೂರಣ್ಣ ಬೀಡಿ ಸೇದುತ್ತಾ
ಕೊಂಬಿನಲ್ಲಿ ಕುಳಿತೇ ಇದ್ದ. ಮಾತಿಲ್ಲ.

ಒಂದು ಗಂಟೆ ಇಪ್ಪತ್ತು ನಿಮಿಷ.

ಸಿಕ್ಕಿದ್ದು ಗುಲಾಬಿಯಕ್ಕನ ಚಾ ಅಂಗಡಿಯಲ್ಲಿ.
ನೌಫಲನ ಕೈಯಲ್ಲೇ ಹೋಗಿ, ಮರೆತು,
ಕಡಲ ಗಾಳಿಗೆ ಹಾರದ ಹಾಗೆ
ಪೇಪರಿನ ಮೇಲೆ ಕುಳಿತಿತ್ತು.

ಬೋಟಿಗೆ ಏನೂ ಆಗುತ್ತಿರಲಿಲ್ಲ.
ದಕ್ಕೆಯೆಲ್ಲ ನಕ್ಕಿತು.
ಕರಗಿದ ಐಸಿನ ದುಡ್ಡನ್ನು ತಿಂಗಳಾಯರು
ನನ್ನ ಬಿಲ್ಲಿನಲ್ಲಿ ಕಳೆದರು. ಸರಿಯೇ.
ಆ ರಾತ್ರಿ ಗೇಟಿನ ಕೆಲಸದ ಕನಸು ಬಿತ್ತು,
ಕನಸಲ್ಲೂ ಲಾರಿ ನಂಬರು ಸರಿಯಾಗಿ ಬರೆಯುತ್ತಿದ್ದೆ.

ಹನ್ನೊಂದು ದಿನ ಕಳೆದು ಬೋಟು ಬಂತು,
ಮೀನು ಇಳಿಸಿ, ಮರುದಿನ ಮತ್ತೆ ಹೊರಟಿತು.
ಹೊರಡುವ ಮುಂಚೆ ಸೂರಣ್ಣ
ಕರೆಯದೆ ಶೆಡ್ಡಿನೊಳಗೆ ಬಂದ.
ನನ್ನ ಮುಖ ನೋಡಲಿಲ್ಲ.
ಬೋರ್ಡಿನ ಮುಂದೆ ನಿಂತು, ತುಟಿ ಅಲುಗಿಸುತ್ತಾ,
ಮೇಲಿನ ಸಾಲಿನಿಂದ ಎಣಿಸಿದ.

ಆಮೇಲೆ ಹೋಗಿ ಹಗ್ಗ ಬಿಚ್ಚಿದ.